ಸೈಪ್ರಿಯನ್‌ನ ಕಲ್ಲು

ನಮ್ಮ ಕೆರಿಯಕೂ ದ್ವೀಪದ ಪುಟ್ಟ ರೇಡಿಯೊದಲ್ಲಿ ಆ ವರ್ಷದ ಬೇಸಿಗೆಯ ಹವಾಮಾನ ಮುನ್ಸೂಚನೆಯನ್ನು ಓದಿದವಳು ನಾನೇ. ಸೆಕೆ ವಾಡಿಕೆಗಿಂತ ಹೆಚ್ಚಿರುತ್ತದೆ, ಆಗಸ್ಟ್‌ವರೆಗೆ ಮಳೆ ಕಡಿಮೆ, ಆಫ್ರಿಕದ ಮರಳುಗಾಡಿನ ಧೂಳು ಕಡಲು ದಾಟಿ ಅಲೆಅಲೆಯಾಗಿ ಬಂದು ಕವಿಯಲಿದೆ, ಉಬ್ಬಸ ಇರುವವರು ಕಿಟಕಿ ಮುಚ್ಚಿಕೊಂಡು ಮನೆಯೊಳಗಿರಿ, ಸಣ್ಣ ದೋಣಿಯವರು ದಡ ಕಾಣದ ದಿನ ಹೊರಡಬೇಡಿ. ಓದುವಾಗ ನನ್ನ ಕಣ್ಣ ಮುಂದೆ ಇದ್ದವಳು ಟ್ಯಾಂಟಿ ಯೂಲಾಲಿ ಒಬ್ಬಳೇ. ಅವಳು ನನ್ನ ಅಮ್ಮನ ಅಕ್ಕ, ದೊಡ್ಡಮ್ಮನನ್ನು ನಾವು ಟ್ಯಾಂಟಿ ಎನ್ನುವುದು. ಉಬ್ಬಸ ಇದ್ದರೂ ಕಿಟಕಿ ಮುಚ್ಚದವಳು.

ಸಂಜೆ ಅವಳ ಮನೆಗೆ ಹೋದಾಗ ಹೊಸ್ತಿಲ ಮೇಲೆ ಕೂತು ಮೀನು ಹಸನು ಮಾಡುತ್ತಿದ್ದಳು.

"ಕೇಳಿದೆ ಕಣೇ ವೆರ್ಲಿನ್. ಚೆನ್ನಾಗಿ ಓದ್ದೆ. ಪಾದ್ರಿ ಸಾವಿನ ಸುದ್ದಿ ಹೇಳ್ದಂಗಿತ್ತು."

"ಹಾಗಾದ್ರೆ ಕಿಟಕಿ ಮುಚ್ಚು, ಟ್ಯಾಂಟಿ."

"ನಿನ್ ರೇಡಿಯೊ ಮುಚ್ಚು ಮೊದ್ಲು."

ಅವಳು ಕಿಟಕಿ ಮುಚ್ಚದಿರುವುದಕ್ಕೆ ಕಾರಣ ಊರಿಗೆಲ್ಲ ಗೊತ್ತಿತ್ತು. ನಾನು ಹುಟ್ಟುವುದಕ್ಕೂ ಮೊದಲು, ಇಂಥದೇ ಧೂಳಿನ ಬೇಸಿಗೆಯಲ್ಲಿ, ಅವಳ ಗಂಡ ಸೈಪ್ರಿಯನ್ ಮೀನು ಹಿಡಿಯಲು ಹೋದವನು ತಿರುಗಿ ಬರಲಿಲ್ಲ. ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ. ಅವನು ಬಂದರೆ ಮನೆ ಮುಚ್ಚಿರಬಾರದು ಎಂದು ಅಂದಿನಿಂದ ಅವಳ ಕಿಟಕಿ ತೆರೆದೇ ಇತ್ತು. ನಮ್ಮಲ್ಲಿ ತೀರಿಕೊಂಡವರ ಹೆಸರಿನಲ್ಲಿ ಕಲ್ಲು ನಿಲ್ಲಿಸಿ ಊರಿಗೆ ಊಟ ಹಾಕುತ್ತಾರೆ. ಅಲ್ಲಿಯವರೆಗೂ ಸತ್ತವರಿಗೆ ಕೂರಲು ಜಾಗವಿಲ್ಲ, ಅಲೆಯುತ್ತಲೇ ಇರುತ್ತಾರೆ. ಟ್ಯಾಂಟಿ ಮಾತ್ರ ಕಲ್ಲಿನ ಮಾತೆತ್ತಲು ಯಾರಿಗೂ ಬಿಟ್ಟಿರಲಿಲ್ಲ. "ಸತ್ತ ಅಂತ ಕಂಡೋರು ಯಾರು? ನೀನು ಕಂಡ್ಯಾ?" ಎನ್ನುತ್ತಿದ್ದಳು. ಕೇಳುವವರು ಬರಬರುತ್ತ ಕೇಳುವುದನ್ನೇ ಬಿಟ್ಟರು.

ಧೂಳು ಬಂತು. ಬೆಳಗಿನ ಸೂರ್ಯ ಚಂದ್ರನಂತೆ ಬೆಳ್ಳಗೆ ಏರಿದ, ಕಣ್ಣು ಕುಕ್ಕದೆ ಅವನನ್ನೇ ನೋಡುತ್ತ ನಿಲ್ಲಬಹುದಿತ್ತು. ಎದುರಿನ ದ್ವೀಪಗಳನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿ ಹಾಕಿದಂತಿತ್ತು. ಕಡಲು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದೆ ಪೆಲಿಕನ್ ಹಕ್ಕಿಗಳು ಬರಿಯ ಬಿಳುಪಿನೊಳಗೆ ಧುಮುಕಿ ಬಿಳುಪಿನೊಳಗಿಂದಲೇ ಏಳುತ್ತಿದ್ದವು. ಹಗ್ಗದ ಮೇಲೆ ಹಾಕಿದ ಬಟ್ಟೆ ಒಣಗುವಷ್ಟರಲ್ಲಿ ನಸುಗೆಂಪಾಗುತ್ತಿತ್ತು. ಮೇಕೆಗಳ ರೆಪ್ಪೆಯ ಮೇಲೂ ಧೂಳು. ಸೆಕೆಗೆ ಊರಿನ ಮಾತೇ ನಿಧಾನವಾಗಿಬಿಟ್ಟಿತ್ತು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಎಷ್ಟೋ ಹೊತ್ತಿನ ಮೇಲೆ ಉತ್ತರ ಕೊಡುತ್ತಿದ್ದರು.

ಅಂಥ ಒಂದು ಬೆಳಿಗ್ಗೆ ಟ್ಯಾಂಟಿ ತಾನೇ ನಮ್ಮ ಮನೆಗೆ ಬಂದಳು. ಉಸಿರು ಸುಂಯ್‌ಗುಟ್ಟುತ್ತಿತ್ತು.

"ಕನಸಲ್ಲಿ ಬಂದಿದ್ದ," ಎಂದಳು.

ನನ್ನ ಅಣ್ಣ ಅಲ್ಫಿಯಸ್ ಕೈಯಲ್ಲಿದ್ದ ಕೋಕೊ ಬಟ್ಟಲನ್ನು ಕೆಳಗಿಟ್ಟ. ತೀರಿಕೊಂಡವರು ಕನಸಿಗೆ ಬಂದರೆ ನಮ್ಮಲ್ಲಿ ಯಾರೂ ನಗುವುದಿಲ್ಲ.

"ಬಾಗ್ಲಲ್ಲಿ ನಿಂತಿದ್ದ. ಹುಬ್ಬಿನ ಮೇಲೆಲ್ಲ ಕೆಂಪು ಧೂಳು. 'ಯೂ, ನಿಂತು ನಿಂತು ಕಾಲು ಸೋತೋಯ್ತು ಕಣೆ' ಅಂದ. ಒಳಗೆ ಬಾ ಅಂದೆ. ಬರ್ಲಿಲ್ಲ. ಹಸಿವು ಅಂದ, ಅಷ್ಟೆ."

ಆಮೇಲೆ ಅವಳೇ ಹೇಳಿದಳು: "ಕಲ್ಲು ಮಾಡ್ಸೋಣ."

ಪೆಟಿ ಮಾರ್ಟಿನಿಕ್ ದ್ವೀಪದ ಗಾರೆಯವನು ಕಲ್ಲು ಮಾಡಿಕೊಟ್ಟ. ನಮ್ಮ ವಿಂಡ್‌ವರ್ಡ್ ಹಳ್ಳಿಯ ದಡದಿಂದ ಆ ದ್ವೀಪಕ್ಕೆ ಎಂಜಿನ್ ದೋಣಿಯಲ್ಲಿ ಅರ್ಧ ಗಂಟೆಯೂ ಬೇಡ. ಮಬ್ಬು ತುಸು ತಿಳಿಯಾಗಿ ಎದುರು ದಡ ಕಂಡ ದಿನ ನೋಡಿ ಅಲ್ಫಿಯಸ್ ದೋಣಿ ಇಳಿಸಿದ. ಟ್ಯಾಂಟಿ ಹ್ಯಾಟು ಹಾಕಿಕೊಂಡು ಬಂದು ದೋಣಿಯಲ್ಲಿ ಕೂತಳು.

"ನೀನ್ಯಾಕೆ? ಉಬ್ಬಸ ಇಟ್ಕೊಂಡು," ಎಂದೆ.

"ಅವ್ನ ಕಲ್ಲು ತರೋಕೆ ನೀವು ಹೋಗ್ತೀರಿ, ನಾನು ಮನೇಲಿ ಕೂತು ರೇಡಿಯೊ ಕೇಳ್ಲಾ?"

ಅವಳನ್ನು ಅಣ್ಣನೊಬ್ಬನ ಮೇಲೆ ಬಿಡಲಾಗದೆ ನಾನೂ ಹತ್ತಿದೆ. ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಬರುವಾಗ ಎರಡು ದ್ವೀಪಗಳ ನಡುವೆ ಧೂಳು ಮತ್ತೆ ಕವಿಯಿತು. ಗಾಳಿ ನಿಂತಿತು. ಹಿಂದಿನ ದಡ ಹೋಯಿತು, ಮುಂದಿನದೂ ಹೋಯಿತು. ಅಲ್ಫಿಯಸ್ ಫೋನಿನಲ್ಲಿ ದಿಕ್ಕು ನೋಡಿಕೊಂಡು ನಡೆಸುತ್ತಿದ್ದ. ಅಷ್ಟರಲ್ಲಿ ಎಂಜಿನ್ ಕೆಮ್ಮಿ ಕೆಮ್ಮಿ ಸುಮ್ಮನಾಯಿತು.

"ದಿಕ್ಕೇನೋ ಗೊತ್ತು. ಹೋಗೋದು ಹೇಗೆ?" ಎಂದ ಅಣ್ಣ, ಎಂಜಿನ್ನಿನ ಹಗ್ಗವನ್ನು ಎಳೆದೂ ಎಳೆದೂ ಬೆವರು ಒರೆಸಿಕೊಳ್ಳುತ್ತ. ಒಂದೇ ಹುಟ್ಟಿತ್ತು. ಕಲ್ಲಿನ ಭಾರಕ್ಕೆ ದೋಣಿ ನೀರಲ್ಲಿ ತಗ್ಗಾಗಿ ಕೂತಿತ್ತು. ಸೆಳೆತ ನಮ್ಮನ್ನು ಮೆಲ್ಲಗೆ ಹೊರಗಡಲಿನ ಕಡೆ ಒಯ್ಯುತ್ತಿರುವುದು ಫೋನಿನಲ್ಲಿ ಕಾಣುತ್ತಿತ್ತು. ಸುತ್ತಲೂ ಹಾಲಿನಂಥ ಬಿಳುಪು, ತಲೆಯ ಮೇಲೆ ಮಸುಕಾದ ಸೂರ್ಯ, ದೋಣಿಗೆ ನೀರು ತಾಗುವ ಸದ್ದು. ನನಗೆ ಹೆದರಿಕೆಯಾಗಬೇಕಿತ್ತು. ಬದಲಿಗೆ ನಿದ್ದೆ ಬಂದಂತಾಗುತ್ತಿತ್ತು. ನಾವು ಯಾರದೋ ಕನಸಿನೊಳಗೆ ತೇಲುತ್ತಿದ್ದೇವೆ, ಅವರು ಎದ್ದರೆ ನಾವಿಲ್ಲ ಅನ್ನಿಸುತ್ತಿತ್ತು.

ಟ್ಯಾಂಟಿ ಕಲ್ಲಿನ ಮೇಲೆ ಅಂಗೈ ಇಟ್ಟು ಕೂತಿದ್ದಳು. "ಇಲ್ಲೇ ಎಲ್ಲೋ," ಎಂದಳು. ಆಮೇಲೆ ಅವಳ ಎದೆಯಲ್ಲಿ ಉಳಿದಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು:

"ಸೈಪ್ರಿಯನ್! ಓ ಸೈಪ್ರಿಯನ್! ಇದೀಯೋ ಇಲ್ವೋ, ಒಂದ್ಸಲ ಹೇಳ್ಬಿಡು!"

ಮಬ್ಬು ಆ ಕೂಗನ್ನು ನುಂಗಿತು. ನಂತರ ಬಿಳುಪಿನೊಳಗಿಂದ, ಬಹಳ ಹತ್ತಿರದಿಂದ, ಗಂಡಸಿನ ದನಿ ಬಂತು.

"ಓ... ಇದೀನಿ!"

ಅಲ್ಫಿಯಸ್ ಶಿಲುಬೆಯ ಗುರುತು ಹಾಕಿಕೊಂಡ. ಟ್ಯಾಂಟಿ ಮಾತ್ರ ಎದ್ದು ನಿಂತಳು, ದೋಣಿ ಹೊಯ್ದಾಡಿದರೂ ಅವಳಿಗೆ ಗಮನವಿಲ್ಲ. ಅವಳ ಮುಖದಲ್ಲಿ ಎಷ್ಟೋ ವರ್ಷ ಚಿಕ್ಕವಳಾದ ಒಬ್ಬ ಹೆಂಗಸು ಬಂದು ನಿಂತಿದ್ದಳು. ಹಾಗೆ ಅವಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ನೀಲಿ ಬಣ್ಣದ ದೋಣಿಯ ಮೂತಿ ಮಬ್ಬಿನಿಂದ ಹೊರಬಂತು. ಅದರಲ್ಲಿ ಬೊಕ್ಕತಲೆಯ ದಪ್ಪ ಮನುಷ್ಯನೊಬ್ಬ ನಿಂತಿದ್ದ, ಹುಬ್ಬು ಮೀಸೆಗೆಲ್ಲ ಕೆಂಪು ಧೂಳು ಮೆತ್ತಿಕೊಂಡು.

"ದೇವರ ದಯೆ! ಎಂಜಿನ್ ನಿಲ್ಸಿ ಕೂತಿದ್ದೆ, ಮನುಷ್ಯರ ದನಿ ಕೇಳ್ತು ಅಂತ ಓಗೊಟ್ಟೆ," ಎಂದ. "ಯೂನಿಯನ್ ದ್ವೀಪದೋನು, ಓಸ್ಬರ್ಟ್ ಅಂತ. ಬೆಳಗ್ಗಿಂದ ಸುತ್ತುತ್ತಾ ಇದೀನಿ. ಫೋನು ನೀರಿಗೆ ಬಿತ್ತು. ಇದ್ಯಾವ ಜಾಗ ತಾಯಿ?"

ಟ್ಯಾಂಟಿ ಅವನನ್ನೇ ನೋಡಿದಳು. ಮೆಲ್ಲಗೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಅವಳಿಗೆ ನಗು ಬಂತು. ಭುಜ ಕುಲುಕುವಷ್ಟು ನಕ್ಕಳು, ನಗುವೇ ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಅವಳ ಬೆನ್ನು ತೀಡುತ್ತ, ಉಬ್ಬಸದ ಪಂಪನ್ನು ಬಾಯಿಗೆ ಹಿಡಿದೆ.

"ಏನಾಯ್ತು ತಾಯಿ? ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಓಸ್ಬರ್ಟ್ ಗಾಬರಿಯಾದ.

"ಇಲ್ಲಪ್ಪ," ಎಂದಳು ಉಸಿರು ತಿರುಗಿದ ಮೇಲೆ. "ನನ್ ಗಂಡ ಅಂದ್ಕೊಂಡೆ. ಅವ್ನು ಇಷ್ಟು ದಪ್ಪ ಇರ್ಲಿಲ್ಲ." ಆಮೇಲೆ ಕಲ್ಲನ್ನು ನಿಧಾನವಾಗಿ ಸವರಿ, ನಮಗಲ್ಲ, ನೀರಿಗೆ ಹೇಳಿದಳು: "ಆಯ್ತು ಬಿಡು. ನೀನು ಬರಲ್ಲ. ನಾನೇ ಕರ್ಕೊಂಡು ಹೋಗ್ತೀನಿ, ನಡಿ ಮನೆಗೆ."

ಅವನ ಬಳಿ ಎಂಜಿನ್ ಇತ್ತು, ದಿಕ್ಕಿರಲಿಲ್ಲ. ನಮ್ಮ ಬಳಿ ದಿಕ್ಕಿತ್ತು, ಎಂಜಿನ್ ಇರಲಿಲ್ಲ. ಎರಡು ದೋಣಿಗಳನ್ನೂ ಹಗ್ಗದಿಂದ ಕಟ್ಟಿ, ಅಲ್ಫಿಯಸ್ ಫೋನು ಹಿಡಿದು "ಎಡಕ್ಕೆ, ಸ್ವಲ್ಪ ಬಲಕ್ಕೆ" ಎಂದು ಕೂಗುತ್ತ, ಹೇಗೋ ವಿಂಡ್‌ವರ್ಡ್ ದಡ ಮುಟ್ಟಿದೆವು.

"ಭಾನುವಾರ ಊಟಕ್ಕೆ ಬರ್ಬೇಕು," ಎಂದು ಟ್ಯಾಂಟಿ ಓಸ್ಬರ್ಟ್‌ಗೆ ತಾಕೀತು ಮಾಡಿದಳು. "ಕರೆದಿದ್ದಕ್ಕೆ ಓಗೊಟ್ಟೋನು ನೀನು."

ಅವನು ಬಂದ, ಹೆಂಡತಿ ಮಕ್ಕಳನ್ನೂ ಕರೆತಂದ. ಆ ದಿನವೂ ಧೂಳು ಇಳಿದಿರಲಿಲ್ಲ. ಬೆಳಗಿನ ಸುದ್ದಿಯಲ್ಲಿ ಯಾರೂ ಹೊರಗೆ ಬರಬೇಡಿ ಎಂದು ಓದಿ, ನೇರ ಅಲ್ಲಿಂದಲೇ ಎದ್ದು ಹೋಗಿ ಅಡುಗೆಯ ಒಲೆ ಊದಿದೆ. ಊರಿನವರು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಂದರು. ಕಲ್ಲು ನಿಂತಿತು. ಅದರ ಮೇಲೆ ರಮ್ಮು ಚಿಮುಕಿಸಿದರು, ನೀರು ಚಿಮುಕಿಸಿದರು. ಡೋಲುಗಳು ಶುರುವಾದಾಗ ಟ್ಯಾಂಟಿ ಲಂಗದ ಎರಡೂ ಅಂಚು ಹಿಡಿದು, ಒಂದು ಸುತ್ತು ಮಾತ್ರ ಕುಣಿದು, ಏದುಸಿರು ಬಿಡುತ್ತ ಕುರ್ಚಿಗೆ ಬಂದು ಕೂತಳು. ಸತ್ತವರಿಗೆಂದು ಒಳಮನೆಯ ಮೇಜಿನ ಮೇಲೆ ಎಡೆ ಇಟ್ಟಾಗ ತಟ್ಟೆಗೆ ಕರಿದ ಮೀನನ್ನು ತನ್ನ ಕೈಯಾರೆ ಬಡಿಸಿದಳು.

ಆಗಸ್ಟ್ ಕೊನೆಗೆ ಮಳೆ ಬಂತು. ಚಾವಣಿಗಳಿಂದ ಮೊದಲು ಕೆಂಪು ನೀರು ಇಳಿಯಿತು, ಮಾರನೆಯ ದಿನ ತಿಳಿನೀರು. ಟ್ಯಾಂಟಿಯ ಎದೆಯೂ ಹಗುರಾಯಿತು. ಒಂದು ಮಧ್ಯಾಹ್ನ ಇಬ್ಬರೂ ತಡವಾಗಿ ತೊಗರಿ ಬಿತ್ತುತ್ತಿದ್ದಾಗ ಕೇಳಿದೆ: "ಈಗ ಬರ್ತಾನಾ ಕನಸಿಗೆ?"

"ಇಲ್ಲ ಕಣೆ. ಕೂತ್ಕೊಂಡ ಅಂತ ಕಾಣುತ್ತೆ." ಕೋಲಿನಿಂದ ಇನ್ನೊಂದು ಗುಳಿ ತೋಡಿದಳು. "ಒಳ್ಳೇದೇ ಆಯ್ತು. ಆದ್ರೂ ಮನೆ ಸ್ವಲ್ಪ ಖಾಲಿ ಅನ್ಸುತ್ತೆ. ಕಾಳು ಹಾಕು, ಏನು ನೋಡ್ತಾ ನಿಂತೆ?"

ನಾನು ಕಾಳು ಹಾಕಿದೆ. ಅವಳು ಹೆಬ್ಬೆರಳಿನಿಂದ ಮಣ್ಣು ಮುಚ್ಚಿದಳು.