ಐದು ಗುಂಡಿಯ ಮಣ್ಣು

ಮಣ್ಣು ಪರೀಕ್ಷೆ ಮಾಡುವವಳಿಗೆ ಬಾಯಿ ಜೋರಿರಬಾರದು ಎನ್ನುತ್ತಾರೆ. ನನಗಿದೆ. ಇಪ್ಪತ್ತೆರಡು ವರ್ಷದಿಂದ ಕೆಟ್ಟ ಜಾಗಗಳನ್ನು ಕೊರೆದು, ಮಣ್ಣನ್ನು ಚೀಲಕ್ಕೆ ತುಂಬಿ ಲ್ಯಾಬಿಗೆ ಕಳಿಸುತ್ತಿದ್ದೇನೆ. ಹಳೆಯ ಪೆಟ್ರೋಲ್ ಬಂಕು, ಚರ್ಮ ಹದ ಮಾಡುವ ಕಾರ್ಖಾನೆ, ಬಣ್ಣದ ಗೋದಾಮು, ಎಲ್ಲ ನೋಡಿದ್ದೇನೆ. ಮಾಲೀಕರು "ಇಲ್ಲೇನೂ ಇಲ್ಲಮ್ಮ" ಎಂದಲ್ಲೆಲ್ಲ ಏನಾದರೂ ಸಿಕ್ಕಿದೆ, ಸಿಕ್ಕಿದ್ದನ್ನು ಕಡ್ಡಿ ಮುರಿದಂತೆ ಅವರ ಮುಖಕ್ಕೇ ಹೇಳಿದ್ದೇನೆ. ಒಂದು ಜಾಗದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡೆ. ಅಲ್ಲಿ ಈಗ ನನ್ನ ತಂಗಿಯ ಮನೆಯಿದೆ.

ಅದು ಹಳೆಯ ಬ್ಯಾಟರಿಗಳನ್ನು ಒಡೆಯುತ್ತಿದ್ದ ಅಂಗಳ. ಲಾರಿ, ಬಸ್ಸುಗಳ ಬ್ಯಾಟರಿ ಸೀಳಿ ಒಳಗಿನ ಸೀಸ ಕರಗಿಸುತ್ತಿದ್ದರು. ಅದು ಮುಚ್ಚಿದ ಮೇಲೆ ಅಲ್ಲಿ ಸಾಲುಮನೆ ಕಟ್ಟುವ ಮಾತು ಬಂತು. ಆರು ವರ್ಷದ ಹಿಂದೆ ನಾನೇ ಹೋಗಿ ನಲವತ್ತು ಗುಂಡಿ ಕೊರೆದೆ. ನಮ್ಮ ಕೆಲಸದ ಕ್ರಮವೆಂದರೆ ಐದು ಗುಂಡಿಯ ಮಣ್ಣನ್ನು ಒಂದೇ ಬಕೆಟ್ಟಿಗೆ ಸುರಿದು, ಹಿಟ್ಟು ಕಲಸಿದ ಹಾಗೆ ಕಲಸಿ, ಅದರಲ್ಲಿ ಒಂದು ಹಿಡಿಯನ್ನು ಚೀಲಕ್ಕೆ ಹಾಕುವುದು. ನಲವತ್ತು ಪರೀಕ್ಷೆಯ ಬದಲು ಎಂಟರಲ್ಲಿ ಮುಗಿಯುತ್ತದೆ. ಆದರೆ ಹಾಗೆ ಬೆರೆಸಿದಾಗ ಮಿತಿಯನ್ನೂ ಐದರಿಂದ ಭಾಗಿಸಿ ನೋಡಬೇಕು. ಇಲ್ಲದಿದ್ದರೆ ನಾಲ್ಕು ಒಳ್ಳೆಯ ಗುಂಡಿಗಳು ಸೇರಿಕೊಂಡು ಒಂದು ಕೆಟ್ಟ ಗುಂಡಿಯನ್ನು ಬಚ್ಚಿಡುತ್ತವೆ. ಸೀಸಕ್ಕೆ ಮಿತಿ ಕಿಲೋ ಮಣ್ಣಿಗೆ ನಾನೂರು ಮಿಲಿಗ್ರಾಂ. ಅಂದರೆ ಬೆರೆಸಿದ ಚೀಲ ಎಂಬತ್ತು ದಾಟಿದರೂ ಐದು ಗುಂಡಿಗಳನ್ನು ಬೇರೆ ಬೇರೆಯಾಗಿ ನೋಡಲೇಬೇಕು. ಆರನೆಯ ಚೀಲದಲ್ಲಿ ಮುನ್ನೂರ ಎಪ್ಪತ್ತೆರಡು ಬಂತು.

"ನಾನೂರರ ಒಳಗಿದೆಯಲ್ಲ, ಪಾಸು," ಎಂದರು ನಮ್ಮ ಸಾಹೇಬರು. ಕಚೇರಿಯಲ್ಲಿ ಅವರನ್ನು ಸರಾಸರಿ ಸಾಹೇಬರು ಎನ್ನುತ್ತೇವೆ, ಬೆನ್ನ ಹಿಂದೆ.

"ಐದರಿಂದ ಭಾಗಿಸಬೇಕಲ್ವಾ ಸಾರ್?"

"ಯಾವ ನಿಯಮದಲ್ಲಿ ಬರೆದಿದೆ, ತೋರಿಸು ನೋಡೋಣ."

ಬೇರೆ ದಿನವಾಗಿದ್ದರೆ ಅವರ ಮೇಜಿನ ಮುಂದೆಯೇ ಕುಸ್ತಿಗೆ ನಿಲ್ಲುತ್ತಿದ್ದೆ. ಆದರೆ ಅತ್ತೆ, ಮಾವ, ಮೈದುನರ ನಡುವೆ ಒಂದೇ ಕೋಣೆಯಲ್ಲಿ ಉಸಿರುಗಟ್ಟಿ ಕೂತಿದ್ದ ತಂಗಿ ಆ ಸಾಲುಮನೆಗಳ ಮೇಲೆ ಕಣ್ಣಿಟ್ಟಿದ್ದಳು. ಅಲ್ಲಿಂದ ನನ್ನ ಮನೆಗೆ ಹತ್ತು ನಿಮಿಷದ ನಡಿಗೆ. ಪಾಸಾಗಲಿ ಎಂದು ನನಗೂ ಆಸೆಯಿತ್ತು. ಸಹಿ ಹಾಕಿದೆ. "ಧೈರ್ಯವಾಗಿ ತಗೋ, ಆ ಮಣ್ಣನ್ನ ನಾನೇ ನೋಡಿದೀನಿ," ಎಂದು ಅವಳಿಗೆ ಹೇಳಿದವಳೂ ನಾನೇ.

ಆ ಮನೆಗೆ ಹೋದ ವರ್ಷವೇ ತಂಗಿಗೆ ಮಗಳು ಹುಟ್ಟಿದಳು. ಈಗ ಅವಳಿಗೆ ನಾಲ್ಕು ವರ್ಷ, ಆಡುವ ಮಾತು ಹತ್ತೋ ಹನ್ನೊಂದೋ. ಆಗಾಗ ಹೊಟ್ಟೆನೋವು ಎಂದು ಮುದುರಿ ಮಲಗುತ್ತಾಳೆ. "ಹೆತ್ತ ಮೂರೇ ತಿಂಗಳಿಗೆ ಕೆಲಸಕ್ಕೆ ಓಡಿದ್ರೆ ಮಗು ಇನ್ನೇನಾಗುತ್ತೆ," ಎಂದು ಅತ್ತೆ ಬಂದಾಗಲೆಲ್ಲ ಚುಚ್ಚುತ್ತಿದ್ದರು. ತಂಗಿ ಕೆಲಸ ಬಿಟ್ಟಳು. ಮಗಳ ಮಾತು ಮಾತ್ರ ಹೆಚ್ಚಲಿಲ್ಲ. ಹೋದ ತಿಂಗಳು ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದಾಗ ಸೀಸ ಸಿಕ್ಕಿತು. ಬಣ್ಣ, ಪಾತ್ರೆ, ನೀರಿನ ಪೈಪು ಯಾವುದರಿಂದ ಬೇಕಾದರೂ ಬಂದಿರಬಹುದು ಎಂದರಂತೆ. ತಂಗಿ ಅಡುಗೆಮನೆಯ ಪಾತ್ರೆಯನ್ನೆಲ್ಲ ಬೀದಿಗೆಸೆದು ನನಗೆ ಫೋನ್ ಮಾಡಿದಳು. "ಅಕ್ಕ, ನಾನೇ ಏನೋ ಮಾಡಬಾರದ್ದು ಮಾಡಿದೀನಿ ಕಣೇ. ಏನು ಅಂತ ಗೊತ್ತಾಗ್ತಿಲ್ಲ."

ನನಗೆ ಆ ಆರನೆಯ ಚೀಲ ನೆನಪಾಯಿತು. ಮರುದಿನ ಅವಳ ಹಿತ್ತಲಲ್ಲಿ ಐದು ಕಡೆ ಕೊರೆದೆ. "ಸುಮ್ಮನೆ ಒಂದ್ಸಲ ನೋಡ್ತೀನಿ," ಎಂದೆ. ಈ ಸಲ ಐದು ಗುಂಡಿಗೆ ಐದು ಚೀಲ. ನಾಲ್ಕರಲ್ಲಿ ನಲವತ್ತರ ಆಸುಪಾಸು. ನಲ್ಲಿಯ ಪಕ್ಕದ್ದರಲ್ಲಿ ಸಾವಿರದ ಏಳುನೂರು. ಅಲ್ಲಿ ನೆಲ ಯಾವಾಗಲೂ ಹಸಿ. ಅಂಬೆಗಾಲಿಡುವ ಕಾಲದಿಂದ ಮಗು ಅಲ್ಲೇ ಕೂತು ಮಣ್ಣುಂಡೆ ಕಟ್ಟುತ್ತದೆ, ಅರ್ಧ ಬಾಯಿಗೂ ಹಾಕಿಕೊಳ್ಳುತ್ತದೆ. ನನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುತ್ತಿದ್ದವಳು ನಾನು. ನನ್ನ ಮೇಲೆ ನನಗೆ ಬಂದ ಅಸಹ್ಯ ಇನ್ಯಾರ ಮೇಲೂ ಬಂದಿರಲಿಲ್ಲ.

ಸಾಹೇಬರ ಮುಂದೆ ಐದು ಅಂಕಿಗಳನ್ನೂ ಇಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು, "ಐದನ್ನೂ ಕೂಡಿಸಿ ಭಾಗಿಸು, ಎಷ್ಟಾಗುತ್ತೆ?" ಎಂದರು.

"ನಾನೂರರ ಒಳಗೇ ಬರುತ್ತೆ."

"ಮತ್ತೆ?"

"ಆ ಮಗು ಐದೂ ಕಡೆ ಒಂದೊಂದು ಚಿಟಿಕೆ ತಿನ್ನಲ್ಲ ಸಾರ್. ಒಂದೇ ಕಡೆ ಕೂತು ತಿನ್ನುತ್ತೆ."

ನಾನು ಅವರನ್ನು ದಾಟಿ ಮೇಲಿನವರಿಗೆ ಬರೆದೆ, ಆರು ವರ್ಷದ ಹಿಂದಿನ ನನ್ನ ಸಹಿಯ ಕಥೆಯನ್ನೂ ಸೇರಿಸಿ. ಆ ಸಾಲಿನ ಮನೆಗಳನ್ನೆಲ್ಲ ಖಾಲಿ ಮಾಡಿಸಿ ಮೊಣಕಾಲುದ್ದ ಮಣ್ಣು ತೆಗೆದು ಸಾಗಿಸಬೇಕೆಂದು ಆದೇಶವಾಯಿತು. ಮನೆಮನೆಗೆ ಪತ್ರ ಹೋಗುವ ಹಿಂದಿನ ದಿನ, ಮಧ್ಯಾಹ್ನ, ನಾನೇ ತಂಗಿಯ ಮನೆಗೆ ಹೋದೆ. ಪತ್ರ ಓದಿ ಅವಳಿಗೆ ತಿಳಿಯುವುದು ನನಗೆ ಬೇಡವಾಗಿತ್ತು.

ಅವಳು ಬಟ್ಟೆ ಮಡಚುತ್ತಿದ್ದಳು. ಮಗು ನೆಲದ ಮೇಲೆ ಚಮಚಗಳನ್ನು ಸಾಲಾಗಿ ಜೋಡಿಸುತ್ತಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನಲ್ಲಿಯ ಪಕ್ಕದ ಗುಂಡಿ, ಬಕೆಟ್ಟು, ಭಾಗಾಕಾರ, ಸಹಿ, ಏನನ್ನೂ ಬಿಡಲಿಲ್ಲ.

"ಹಾಗಾದ್ರೆ ನನ್ನಿಂದ ಆಗಿದ್ದಲ್ವಾ?" ಎಂದಳು ತಂಗಿ. ಕೈಯಲ್ಲಿದ್ದ ಮಗಳ ಅಂಗಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕು ವರ್ಷದ ಭಾರ ಇಳಿದ ಅಳು ಅದು. ಅವಳ ಹೆಗಲು ಮುಟ್ಟುವ ಧೈರ್ಯ ನನಗಾಗಲಿಲ್ಲ.

ಅತ್ತು ಮುಗಿದ ಮೇಲೆ ಕೇಳಿದಳು. "ಆವತ್ತೇ ಗೊತ್ತಿತ್ತಾ ನಿನಗೆ?"

"ಗುಂಡಿ ಕೆಟ್ಟಿದೆ ಅಂತ ಗೊತ್ತಿರಲಿಲ್ಲ. ಇನ್ನೊಂದ್ಸಲ ನೋಡಬೇಕು ಅಂತ ಗೊತ್ತಿತ್ತು."

"ಮಣ್ಣು ತೆಗೆದುಬಿಟ್ರೆ ಇವಳು ಸರಿಹೋಗ್ತಾಳಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ರಕ್ತದಲ್ಲಿರೋದು ಕಮ್ಮಿ ಆಗುತ್ತೆ. ಈಗಾಗಲೇ ಕೆಟ್ಟಿರೋದು ಪೂರ್ತಿ ಸರಿಹೋಗಲ್ಲ ಅಂತಾರೆ."

ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನೆಮ್ಮದಿಯಾಗುತ್ತಿತ್ತು. ಅವಳು ಎದ್ದು ಹೋಗಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಇದು ಬ್ಯಾಟರಿ ಜಾಗ, ಮಗೂನ ಮಣ್ಣಿಗೆ ಬಿಡಬೇಡಿ ಅಂತ ಪಕ್ಕದ ಮನೆಯವರು ಎಷ್ಟೋ ಸಲ ಹೇಳಿದ್ರು," ಎಂದಳು. "ಅವರು ತಮ್ಮ ಮಕ್ಕಳನ್ನ ಒಂದಿನಾನೂ ಬಿಡಲಿಲ್ಲ. ನಾನು ನಗ್ತಿದ್ದೆ. ನಮ್ಮಕ್ಕನೇ ನೋಡಿರೋ ಮಣ್ಣು ಇದು, ಏನೂ ಆಗಲ್ಲ ಅಂತಿದ್ದೆ. ಅವರ ಮಕ್ಕಳೆಲ್ಲ ಪಟಪಟ ಅಂತ ಮಾತಾಡ್ತವೆ ಅಕ್ಕ."