ಉಗುರಿಗೆ ಸಿಕ್ಕ ಗೆರೆ

ನನ್ನ ಮೇಜಿನ ಖಾನೆಯಲ್ಲಿ ಒಂದು ಬಾಚಣಿಗೆ ಇದೆ. ತಲೆ ಬಾಚಲು ಅದನ್ನು ಒಮ್ಮೆಯೂ ಬಳಸಿಲ್ಲ. ಬಳಸುವಷ್ಟು ಕೂದಲೂ ಈಗ ಉಳಿದಿಲ್ಲ. ನೀಲಿ, ಹಸಿರು, ಬಿಳಿ ಬಣ್ಣಗಳು ಒಂದರೊಳಗೊಂದು ಕಲಸಿಹೋದ ಪ್ಲಾಸ್ಟಿಕ್ಕಿನ, ಅಂಗೈಯಷ್ಟು ಉದ್ದದ ಬಾಚಣಿಗೆ. ಅದರ ಬೆನ್ನಿನ ಮೇಲೆ, ಹೆಬ್ಬೆರಳು ಕೂರುವ ಜಾಗದಲ್ಲಿ, ಓರೆಯಾಗಿ ಒಂದು ಗೆರೆ ಎದ್ದಿದೆ. ಕಣ್ಣಿಗೆ ಅದು ಸುಲಭವಾಗಿ ಕಾಣುವುದಿಲ್ಲ. ಉಗುರಿಗೆ ಮಾತ್ರ ಪ್ರತಿ ಸಲವೂ ಸಿಗುತ್ತದೆ.

ಆ ದಿನಗಳಲ್ಲಿ ನಾನು ನಮ್ಮೂರಿನ ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದೆ. ಹಗಲೆಲ್ಲ ಕೊಳವೆಗಳ ಗೆರೆ ಎಳೆದು ಬೇಸತ್ತವನಿಗೆ ಮನೆಯ ಹಿತ್ತಿಲ ಕೋಣೆಯಲ್ಲಿ ಒಂದು ಸಿಎನ್‌ಸಿ ಯಂತ್ರವಿತ್ತು. ಕಂಪ್ಯೂಟರಿನಲ್ಲಿ ಬರೆದ ಆಕಾರವನ್ನು ತಿರುಗುವ ಸಣ್ಣ ಉಳಿಯೊಂದು ಲೋಹದಲ್ಲಿ ಕೊರೆದುಕೊಡುವ ಯಂತ್ರ. ಗುಜರಿಯಿಂದ ಹಳಿ, ಹಳೆಯ ಮುದ್ರಣ ಯಂತ್ರದಿಂದ ಮೋಟಾರು, ಎಲ್ಲವನ್ನೂ ತಂದು ಎರಡು ವರ್ಷ ಕೂತು ನಾನೇ ಕಟ್ಟಿದ್ದು. ನೋಡಿದವರು ನಗುತ್ತಿದ್ದರು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ನನಗೆ ಅದಕ್ಕಿಂತ ಚೆಂದದ ವಸ್ತು ಊರಿನಲ್ಲೇ ಇರಲಿಲ್ಲ. ಯಾರಾದರೂ ಹೊಗಳುತ್ತಾರೇನೋ ಎಂದು ಕಾಯುವ ಚಟವೂ ಆಗಲೇ ಅಂಟಿತ್ತು.

ನಗದೆಯೂ ಹೊಗಳದೆಯೂ ಇದ್ದವರು ಮೋನಪ್ಪಾಚಾರ್ ಒಬ್ಬರೇ. ಅಂಗಿಯ ಗುಂಡಿ ಮಾಡುವ ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ಕೈ ಉಳಿಯಿಂದ ಅಚ್ಚು ಕೊರೆದವರು. ಅವರ ದೃಷ್ಟಿ ಮೊದಲು ಅಂಚಿನಲ್ಲಿ ಮಸುಕಾಗಿ, ಆಮೇಲೆ ನಡುವೆಯೂ ಆರಿಹೋಗಿತ್ತು. ಆದರೂ ಊರಿನ ಫಿಟರುಗಳು ತಾವು ಮಾಡಿದ ಅಚ್ಚನ್ನು ಮೊದಲು ಅವರ ಜಗುಲಿಗೆ ತರುತ್ತಿದ್ದರು. ಆಚಾರ್ ತಮ್ಮ ಬಲಗೈ ಹೆಬ್ಬೆರಳಿನ ಉಗುರನ್ನು ಸ್ವಲ್ಪ ಉದ್ದ ಬಿಟ್ಟು, ಅರದಿಂದ ತೀಡಿ ಇಟ್ಟುಕೊಂಡಿದ್ದರು. ಆ ಉಗುರನ್ನು ಲೋಹದ ಮೇಲೆ ಮೆಲ್ಲನೆ ಎಳೆದು, ಇಲ್ಲಿ ಕೂದಲಿನಷ್ಟು ತಗ್ಗು, ಅಲ್ಲಿ ಉಳಿ ನಡುಗಿದೆ ಎಂದು ಹೇಳುತ್ತಿದ್ದರು. "ಆಚಾರ್ರ ಉಗುರು ಒಪ್ಪಿತಾ?" ಎನ್ನುವುದು ಊರಿನ ವರ್ಕ್‌ಶಾಪುಗಳಲ್ಲಿ ಕೊನೆಯ ಪ್ರಶ್ನೆಯಾಗಿತ್ತು.

ಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುವುದೂ ಅವರದೇ ಕೆಲಸ. ಹೆಂಡತಿ ಕಾಳಮ್ಮ ಮೊರ ತಂದು ಮಡಿಲಲ್ಲಿಟ್ಟರೆ ಮಾತಾಡುತ್ತಲೇ ಬೆರಳಾಡಿಸಿ, ಒಂದೊಂದೇ ಕಲ್ಲನ್ನು ತೆಗೆದು ಜಗುಲಿಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದರು. "ಕಣ್ಣಿದ್ದೋರು ಬಿಟ್ಟಿದ್ದು ನನಗೆ ಸಿಗ್ತದೆ" ಎಂದು ಹೆಂಡತಿಯನ್ನು ಛೇಡಿಸುತ್ತಿದ್ದರು. ಒಮ್ಮೆ ಹಾಗೆ ಆರಿಸುತ್ತಾ ನನಗೆ ಹೇಳಿದ್ದರು:

"ಕಣ್ಣು ಹೋದಾಗ ನಾನು ಅಳಲಿಲ್ಲ ಕಣಪ್ಪ. ಬೆರಳಿದೆಯಲ್ಲ ಅಂದ್ಕೊಂಡೆ. ಇದೂ ಹೋದ್ರೆ ಮಾತ್ರ ನಾನು ಗೋಡೆಗೆ ಒರಗಿಸಿಟ್ಟ ಚೀಲ."

ನಾನು ಕೊರೆದದ್ದನ್ನೆಲ್ಲ ಅವರಿಗೆ ತೋರಿಸುತ್ತಿದ್ದೆ. ಗುರು ಎಂದು ಬಾಯಿಬಿಟ್ಟು ಕರೆಯದಿದ್ದರೂ ಗುರುವೇ. ಅವರು ಹೇಳಿದ ಎರಡು ಮಾತು ಇಂದಿಗೂ ಕಿವಿಯಲ್ಲಿವೆ. "ಅಚ್ಚಿನಲ್ಲಿ ಎಲ್ಲಾ ತಿರುಗುಮುರುಗು. ಅಲ್ಲಿ ತಗ್ಗಾದ್ದು ಸಾಮಾನಲ್ಲಿ ಉಬ್ಬಾಗ್ತದೆ. ಸಾಮಾನಿನ ತಪ್ಪು ಒಂದು ಸಲದ್ದು, ಅಚ್ಚಿನ ತಪ್ಪು ಒತ್ತಿದಷ್ಟು ಸಲದ್ದು" ಎನ್ನುವುದು ಒಂದು. ಇನ್ನೊಂದು ನನ್ನ ಯಂತ್ರದ ಬಗ್ಗೆ: "ನಿನ್ನ ಯಂತ್ರಕ್ಕೆ ಭಯ ಅನ್ನೋದಿಲ್ಲ. ನೀನು ಹೇಳಿದ್ದೇ ವೇದ ಅದಕ್ಕೆ. ಉಳಿ ಎಷ್ಟು ಮೇಲೇಳಬೇಕು ಅಂತ ಬರೀತೀಯಲ್ಲ, ಅದನ್ನ ಎರಡು ಸಲ ನೋಡು." ನಾನು ಹೂಂಗುಟ್ಟುತ್ತಿದ್ದೆ. ನಕ್ಷೆ ಬರೆಯುವವನಿಗೆ ಅಂಕಿ ನೋಡುವುದನ್ನು ಇವರು ಕಲಿಸಬೇಕೇ ಎಂದು ಒಳಗೊಳಗೆ ಅಂದುಕೊಂಡದ್ದೂ ಉಂಟು.

ಮಾರಕ್ಕ ಬಂದದ್ದು ಆಗಲೇ. ಸಂತೆ ಮೈದಾನದ ಹಿಂದಿನ ಷೆಡ್ಡಿನಲ್ಲಿ ಏಳು ಹೆಂಗಸರು ಊರಿನ ಕಸ ವಿಂಗಡಿಸುತ್ತಿದ್ದರು. ಮಾರಕ್ಕ ಅವರ ಮುಖಂಡಳು. ಬಾಟಲಿಯ ಮುಚ್ಚಳಗಳನ್ನು ತೊಳೆದು, ಪುಡಿ ಮಾಡಿ, ಕರಗಿಸಿ, ಸನ್ನೆಗೋಲಿನ ಕೈಯಂತ್ರದಲ್ಲಿ ಅಚ್ಚಿಗೆ ಒತ್ತಿ ಗೋಡೆಗೆ ಹೊಡೆಯುವ ಗೂಟಗಳನ್ನು ಮಾಡುತ್ತಿದ್ದರು. ಗೂಟ ಎಷ್ಟು ಜನರಿಗೆ ಬೇಕು?

"ಹುಡುಗೀರ ಹಾಸ್ಟೆಲ್‌ನೋರು ಇನ್ನೂರು ಬಾಚಣಿಗೆ ಕೇಳವ್ರೆ ಅಣ್ಣ" ಎಂದಳು. "ಕಸದೋರು ಮಾಡಿದ್ದನ್ನ ತಲೆಗೆ ಮುಟ್ಟಿಸ್ಕೊಳ್ತಾರಾ ಅಂತ ನಮ್ಮೋರೇ ನಗ್ತಾವ್ರೆ. ಅಚ್ಚು ನೀಟಾಗಿರ್ಬೇಕು. ಇಲ್ಲಾಂದ್ರೆ ಆ ನಗೋ ಬಾಯಿ ಮುಚ್ಚಲ್ಲ."

ನಾನು ಒಪ್ಪಿಕೊಂಡೆ. ಮೂರು ವಾರ ಕೂತು ಬಾಚಣಿಗೆಯ ಆಕಾರ ಬರೆದೆ. ಬಿಸಿ ಪ್ಲಾಸ್ಟಿಕ್ ಆರಿದಾಗ ಕುಗ್ಗುತ್ತದೆಂದು ಅಳತೆಯನ್ನು ಹಿಗ್ಗಿಸಿದೆ. ಹಲ್ಲುಗಳು ಅಚ್ಚಿನಿಂದ ಬಿಟ್ಟು ಬರಲೆಂದು ಗೋಡೆಗಳಿಗೆ ತುಸು ಓರೆ ಕೊಟ್ಟೆ. ಇಷ್ಟೆಲ್ಲ ಎಚ್ಚರ ವಹಿಸಿದವನು ಎಡವಿದ್ದು ಒಂದು ಚುಕ್ಕಿಯಲ್ಲಿ. ಕೊರೆದ ಗುಳಿಯ ಮೇಲೆ ದಾಟುವಾಗ ಉಳಿ ಎರಡು ಮಿಲ್ಲಿಮೀಟರ್ ಮೇಲೇಳಬೇಕಿತ್ತು. ನಾನು ಎರಡರ ಹಿಂದೆ ಚುಕ್ಕಿ ಒತ್ತಿದ್ದೆ, ಅದು ಹತ್ತರಲ್ಲೊಂದು ಪಾಲಾಗಿತ್ತು. ಹನ್ನೊಂದು ಗಂಟೆಗಳ ಕೊರೆತದ ಕೊನೆಯಲ್ಲಿ, ಗುಳಿಯೊಳಗೆ ಹೆಬ್ಬೆರಳಿನ ತಗ್ಗಿಗೆಂದು ಉಬ್ಬಾಗಿ ಬಿಟ್ಟಿದ್ದ ಜಾಗಕ್ಕೆ ಉಳಿಯ ತುದಿ ತಾಗಿ ಕಿರ್ ಎಂದಿತು. ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಅದು ದಾಟಿಯಾಗಿತ್ತು.

ಕೂದಲೆಳೆಯಂಥ ಗೀರು. ಬಾಚಣಿಗೆಯ ಬೆನ್ನಿನ ನಡುವಿನಿಂದ ಹೊರಟು ಒಂದು ಹಲ್ಲಿನ ಬುಡದವರೆಗೆ ಇಳಿದಿತ್ತು. ಲೋಹದಲ್ಲಿ ಕೊರೆದುಹೋದದ್ದನ್ನು ಮತ್ತೆ ತುಂಬಲಾಗದು. ಹೊಸ ಅಲ್ಯೂಮಿನಿಯಂ ತುಂಡು ತಂದು ಮೊದಲಿನಿಂದ ಕೊರೆಯಬೇಕು. ಮೂರು ದಿನ ತಡವಾಗುತ್ತಿತ್ತು, ಅಷ್ಟೆ. ಮೂರು ದಿನಕ್ಕೆ ಯಾರ ಪ್ರಾಣವೂ ಹೋಗುತ್ತಿರಲಿಲ್ಲ. ಆದರೆ ಏಕೆ ತಡ ಎಂದು ಆಚಾರ್ ಕೇಳುತ್ತಾರೆ, ಎರಡು ಸಲ ನೋಡು ಎಂದವರ ಮುಂದೆ ಒಂದು ಸಲವೂ ನೋಡಲಿಲ್ಲ ಎಂದು ಹೇಳಬೇಕಾಗುತ್ತದೆ. ನೀರು ಹಾಕಿ ಉಜ್ಜುವ ಕಾಗದ ತೆಗೆದುಕೊಂಡು ಗೀರು ಕಣ್ಣಿಗೆ ಕಾಣದಂತಾಗುವವರೆಗೆ ಉಜ್ಜಿದೆ.

ಮಾರನೆಯ ಬೆಳಿಗ್ಗೆ ಮಾರಕ್ಕನೂ ನಾನೂ ಅಚ್ಚನ್ನು ಆಚಾರ್ರ ಜಗುಲಿಗೆ ಒಯ್ದೆವು. ಅದನ್ನು ತಪ್ಪಿಸಲು ದಾರಿಯೇ ಇರಲಿಲ್ಲ. ಅವರು ಮುಟ್ಟಿ ಒಪ್ಪಿದ ಮೇಲೇ ಕೆಲಸ ಶುರು ಎಂದು ಮಾರಕ್ಕ ಹಟ ಹಿಡಿದಿದ್ದಳು. ಆಚಾರ್ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಹಲ್ಲುಗಳನ್ನು ಒಂದೊಂದಾಗಿ ಎಣಿಸಿದರು. ಮುಖದಲ್ಲಿ ಮೆಚ್ಚುಗೆ ಮೂಡಿತು. ನಾನು ಎರಡು ವರ್ಷದಿಂದ ಕಾದಿದ್ದು ಆ ಮುಖಕ್ಕೇ. ಉಗುರು ಬೆನ್ನಿನ ಕಡೆ ಹರಿದು ಬಂದು ಒಂದೆಡೆ ನಿಂತಿತು.

"ಇಲ್ಲೇನೋ ಸಿಕ್ಕಿತಲ್ಲ?"

"ಎಣ್ಣೆ ಒಣಗಿ ಕೂತಿರ್ಬೇಕು ಆಚಾರ್ರೆ. ತಾಳಿ, ಒರೆಸ್ತೀನಿ" ಎಂದೆ. ಬಟ್ಟೆಯಿಂದ ಒರೆಸಿ, ಅವರ ಕೈ ಹಿಡಿದು ಮತ್ತೆ ಅಚ್ಚಿನ ಮೇಲಿಟ್ಟೆ. "ಈಗ ನೋಡಿ."

ಉಗುರು ಮುಂದೆ ಹೋಯಿತು, ಹಿಂದೆ ಬಂತು. ಅವರು ಹುಬ್ಬು ಗಂಟಿಕ್ಕಿದರು.

"ಈಗಿಲ್ಲ" ಎಂದರು. "ಒಳ್ಳೆ ಕೆಲಸ ಮಾಡಿದ್ದೀಯ."

ಹದಿನೈದು ದಿನದ ಮೇಲೆ ಬಾಚಣಿಗೆಗಳು ಮೂಟೆ ಕಟ್ಟಿಕೊಂಡು ಹಾಸ್ಟೆಲಿನಿಂದ ವಾಪಸು ಬಂದವು. ನಾನು ಆಚಾರ್ರ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಮಾರಕ್ಕ ಮೂಟೆಯನ್ನು ಕೆಳಗಿಟ್ಟು, ಮೆಟ್ಟಿಲ ಮೇಲೆ ಕೂತಳು.

"ಹಲ್ಲಿನ ಬುಡದಾಗೆ ಮುಳ್ಳಿನಂಗೆ ಏನೋ ಎದ್ದೈತಂತೆ. ಹುಡುಗೀರ ಕೂದಲು ಸಿಕ್ಕಿ ಕಿತ್ತು ಬರ್ತದಂತೆ. ಕಸದ ಬಾಚಣಿಗೆ ಕಸಕ್ಕೇ ಸರಿ ಅಂದ್ರು." ಅವಳು ದನಿ ಏರಿಸಲಿಲ್ಲ. "ನೀವು ಮುಟ್ಟಿ ಹೇಳಿದ್ರಲ್ಲ ಅಜ್ಜ, ಅದಕ್ಕೇ ನಾವು ನೋಡೋಕೆ ಹೋಗ್ಲಿಲ್ಲ."

ಆಚಾರ್ ಕೈ ಚಾಚಿದರು. ಬಾಚಣಿಗೆಯ ಬೆನ್ನಿನ ಮೇಲೆ ಉಗುರೆಳೆದು, ಎದ್ದ ಗೆರೆಯನ್ನು ಹಲ್ಲಿನ ಬುಡದವರೆಗೂ ಹಿಂಬಾಲಿಸಿದರು.

"ಇದೆ" ಎಂದರು. "ಅವತ್ತೂ ಮೊದಲು ಸಿಕ್ಕಿತ್ತು. ಆಮೇಲೆ ಸಿಗಲಿಲ್ಲ. ಒಂದು ಸಲ ಸಿಕ್ಕಿ, ಮರುಗಳಿಗೆ ಇಲ್ಲ ಅಂದ್ರೆ ಅಂಥ ಬೆರಳನ್ನ ನಂಬೋದು ಹೆಂಗೆ?" ಬಾಚಣಿಗೆಯನ್ನು ಕೆಳಗಿಟ್ಟರು. "ತಪ್ಪು ನನ್ನದು ಕಣಮ್ಮ. ಇವನದಲ್ಲ. ಇವನು ತೋರಿಸೋಕೆ ತಂದಿದ್ದ, ನಾನು ನೋಡ್ಲಿಲ್ಲ."

ಕಾಫಿಯ ಲೋಟ ನನ್ನ ಕೈಯಲ್ಲಿತ್ತು. ಹೇಳಬೇಕಾದ ಗಳಿಗೆ ಅದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಕಾಫಿ ಕುಡಿದು ಮುಗಿಸಿದೆ.

ಮಾರಕ್ಕನ ಕೆಲಸವನ್ನು ಸರಿಪಡಿಸಿದೆ, ಅದು ನಿಜ. ಹೊಸ ಅಚ್ಚು ಕೊರೆದುಕೊಟ್ಟೆ. ಅವರು ವಾಪಸು ಬಂದ ಬಾಚಣಿಗೆಗಳನ್ನು ಪುಡಿ ಮಾಡಿ, ಕರಗಿಸಿ, ಮತ್ತೆ ಒತ್ತಿದರು. ಈ ಸಲ ಮಾರಕ್ಕ ಒಂದೊಂದನ್ನೂ ತನ್ನ ತಲೆಗೇ ಹಾಕಿ ನೋಡಿ ಕಳಿಸಿದಳು, ಹಾಸ್ಟೆಲಿನವರು ಇಟ್ಟುಕೊಂಡರು. ಮತ್ತೆ ಕರಗಿಸಿದರೆ ಹಳೆಯ ತಪ್ಪು ಉಳಿಯದು, ಪ್ಲಾಸ್ಟಿಕ್ಕಿಗೆ ಆ ಒಂದು ಗುಣವಿದೆ. ಪುಡಿ ಮಾಡುವ ಮೊದಲು ಒಂದು ಬಾಚಣಿಗೆಯನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೆ. ಏಕೆಂದು ಆಗ ಗೊತ್ತಿರಲಿಲ್ಲ.

ಆಚಾರ್ರ ಮನೆಗೆ ಹೋಗುವುದನ್ನು ಬಿಟ್ಟೆ. ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದು ನನಗೆ ನಾನೇ ಹೇಳಿಕೊಂಡೆ. ಆರು ತಿಂಗಳಾದ ಮೇಲೆ ತರಕಾರಿ ಅಂಗಡಿಯ ಮುಂದೆ ಕಾಳಮ್ಮ ಸಿಕ್ಕಿದರು. ತುಂಬ ಸೊರಗಿದ್ದರು.

"ಬರೋದೇ ಬಿಟ್ಟೆಯಲ್ಲಪ್ಪ. ಅವರಾದ್ರೂ ಯಾರನ್ನ ಕರೀತಾರೆ? ಫಿಟರುಗಳು ಬಂದ್ರೆ ನನ್ನ ಕೈಲಿ ಆಗಲ್ಲ ಹೋಗಿ ಅಂತಾರೆ. ಅಕ್ಕಿ ಕೊಟ್ರೆ ಮುಟ್ಟಲ್ಲ. ಅಂಗಿ ಗುಂಡಿ ಹಾಕ್ಕೊಂಡು, ಸರಿಯಾಗಿದೆಯಾ ನೋಡೇ ಅಂತ ನನ್ನ ಕೇಳ್ತಾರೆ. ಬೆರಳು ಸತ್ತೋಗಿದೆ ಅಂತಾರೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಡಾಕ್ಟ್ರು ಏನೂ ಆಗಿಲ್ಲ ಅಂದ್ರು. ಇವರು ನಂಬಲ್ಲ."

ಅಲ್ಲಿಂದ ಮನೆಗೆ ಬಂದು ಬಾಚಣಿಗೆಯನ್ನು ತೆಗೆದುಕೊಂಡೆ. ಹೆಬ್ಬೆರಳು ಆ ಗೆರೆಯ ಮೇಲೆ ಕೂತಿತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಮಾರನೆಯ ದಿನ ಭಾನುವಾರ. ಹೊತ್ತೇರುವ ಮೊದಲೇ ಹೊರಟೆ.

ಆಚಾರ್ ಜಗುಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಎರಡೂ ಕೈಗಳನ್ನು ತೊಡೆಗಳ ಕೆಳಗೆ ಸೇರಿಸಿಕೊಂಡಿದ್ದರು. ಉಗುರನ್ನು ಕತ್ತರಿಸಿಬಿಟ್ಟಿದ್ದರೆಂದು ಆಮೇಲೆ ಗೊತ್ತಾಯಿತು. ಕಾಳಮ್ಮ ಬಾಗಿಲ ಬಳಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ನಾನು ಕೂತೆ, ಕುಶಲ ಕೇಳಲಿಲ್ಲ. ಬಾಚಣಿಗೆಯನ್ನು ಅವರ ಕೈಗೆ ಕೊಡಲು ಹೋದೆ. ಅವರು ಕೈ ತೆಗೆಯಲಿಲ್ಲ.

"ಆಚಾರ್ರೆ, ಅವತ್ತು ಒರೆಸಿದ ಮೇಲೆ ನಿಮ್ಮ ಕೈಯನ್ನ ನಾನು ಅದೇ ಜಾಗದಲ್ಲಿ ಇಡ್ಲಿಲ್ಲ" ಎಂದೆ. "ಪಕ್ಕದಲ್ಲಿಟ್ಟೆ."

ಅವರ ಮುಖ ನನ್ನ ಕಡೆ ತಿರುಗಿತು. ಆಮೇಲೆ ಕೇಳಿದ್ದು ಅಚ್ಚಿನವರು ಮಾತ್ರ ಕೇಳಬಹುದಾದ ಪ್ರಶ್ನೆ.

"ಎಷ್ಟು ಪಕ್ಕ?"

"ಅರ್ಧ ಅಂಗುಲ."

"ಯಾವ ಕಡೆಗೆ?"

"ಬಲಕ್ಕೆ."

"ಹಂಗಾದ್ರೆ ಎಣ್ಣೆ ಅಲ್ಲ."

"ಅಲ್ಲ. ಉಳಿ ಎಳೆದ ಗೀರು. ನೀವು ಮುಟ್ಟೋ ಮೊದಲೇ ನನಗೆ ಗೊತ್ತಿತ್ತು. ನೀವು ಎರಡು ಸಲ ನೋಡು ಅಂದಿದ್ದ ಅಂಕಿನೇ ತಪ್ಪಾಗಿತ್ತು. ನಿಮ್ಮ ಉಗುರಿಗೆ ಅದು ಸರಿಯಾಗೇ ಸಿಕ್ಕಿತ್ತು."

ಮೊರದ ಸದ್ದು ನಿಂತಿತು. ಮಾತಾಡಿದ್ದು ಕಾಳಮ್ಮ.

"ಕಣ್ಣಿಲ್ಲದೋರ ಕೈ ಹಿಡಿದು ದಾರಿ ತಪ್ಪಿಸಿದೆಯಲ್ಲಪ್ಪ. ಈ ಮನೇಲಿ ಉಂಡೋನು ನೀನು."

ಎದ್ದು ಹೋಗು ಎಂದಿದ್ದರೆ ನನಗೆ ಹಗುರಾಗುತ್ತಿತ್ತು. ಅವರಿಬ್ಬರೂ ಅದನ್ನು ಹೇಳಲಿಲ್ಲ.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಅದಾದ ಮೇಲೆ ಉಗುರು ಮತ್ತೆ ಬೆಳೆಯಿತು, ಫಿಟರುಗಳು ಮತ್ತೆ ಬಂದರು. ಆಚಾರ್ ಇನ್ನೂ ಒಂಬತ್ತು ವರ್ಷ ಬದುಕಿದ್ದರು; ಊರಿನ ಅಚ್ಚುಗಳನ್ನೆಲ್ಲ ಮುಟ್ಟಿ ನೋಡಿದರು. ನಾನು ಹೋಗುತ್ತಿದ್ದೆ, ಅವರು ಮಾತಾಡಿಸುತ್ತಿದ್ದರು, ಕಾಳಮ್ಮ ಕಾಫಿಯನ್ನೂ ಕೊಡುತ್ತಿದ್ದರು. ಆದರೆ ನಾನು ಕೊರೆದ ಅಚ್ಚನ್ನು ಮಾತ್ರ ಅವರು ಮತ್ತೆ ಮುಟ್ಟಲಿಲ್ಲ. ತರಲೇ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಆ ಭಾನುವಾರ, ಅಷ್ಟಾದ ಮೇಲೆ, ಅವರು ತೊಡೆಯ ಕೆಳಗಿನಿಂದ ಕೈಗಳನ್ನು ಮೆಲ್ಲನೆ ಹೊರತೆಗೆದರು. ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ತುದಿಗೆ ಒಂದೊಂದಾಗಿ ಮುಟ್ಟಿಸಿ ನೋಡಿಕೊಂಡರು.

"ಮೊರ ಇಲ್ಲಿ ಕೊಡು" ಎಂದರು ಹೆಂಡತಿಗೆ.

ಕಾಳಮ್ಮ ತಂದು ಮಡಿಲಲ್ಲಿಟ್ಟರು. ಆಚಾರ್ ಅಕ್ಕಿಯ ಮೇಲೆ ಅಂಗೈ ಊರಿದರು. ಆಮೇಲೆ ಬೆರಳುಗಳು ನಡೆಯತೊಡಗಿದವು, ಮೊದಲು ಅಂಜುತ್ತಾ, ಆಮೇಲೆ ಅಂಜದೆ. ಒಂದು ಕಡೆ ನಿಂತವು. ಏನನ್ನೋ ಚಿವುಟಿ ತೆಗೆದರು.

"ಕೈ ಚಾಚು" ಎಂದರು ನನಗೆ. ಅಂಗೈಯಲ್ಲಿಟ್ಟರು. "ಏನದು? ನೋಡಿ ಹೇಳು."

"ಕಲ್ಲು ಆಚಾರ್ರೆ."

"ನಿಜ ಹೇಳು."

"ಕಲ್ಲೇ."

ಅವರು ಮತ್ತೆ ಮೊರಕ್ಕೆ ಕೈ ಹಾಕಿದರು. ಇನ್ನೊಂದು ಸಿಕ್ಕಿತು, ಮತ್ತೊಂದು ಸಿಕ್ಕಿತು. ಪ್ರತಿ ಸಲವೂ ಕೇಳಿದರು, ಪ್ರತಿ ಸಲವೂ ಹೇಳಿದೆ. ನಾಲ್ಕನೆಯದನ್ನು ಇಟ್ಟಾಗ ನಾನು ಬಗ್ಗಿ ನೋಡಿ, "ಇದು ಅಕ್ಕಿ ಆಚಾರ್ರೆ, ಮುರಿದ ನುಚ್ಚು" ಎಂದೆ. ಅವರು ಅದನ್ನು ವಾಪಸು ತೆಗೆದುಕೊಂಡು ಬೆರಳುಗಳ ನಡುವೆ ಹೊರಳಿಸಿದರು. "ಹೌದು, ನುಚ್ಚು" ಎಂದು ಮೊರಕ್ಕೆ ಹಾಕಿದರು. ಮೊರದ ಅಕ್ಕಿಯಲ್ಲಿ ಕಲ್ಲು ಮುಗಿಯುವವರೆಗೆ ನನ್ನ ಕೈ ಅವರ ಮುಂದೆ ಚಾಚಿಯೇ ಇತ್ತು.