ಬಿಳಿ ಪಿನ್ನಿನ ಕುಂಕುಮ

ನಾನು ಒಂದು ವೈರು. ಟೇಪ್ ರೆಕಾರ್ಡರಿನಿಂದ ಆಂಪ್ಲಿಫೈಯರಿಗೆ ಹಾಡು ಹೊರುವ ಎರಡು ಮೊಳದ ವೈರು. ನನ್ನ ಎರಡೂ ತುದಿಗೆ ಹಿತ್ತಾಳೆಯ ಪಿನ್ನು, ಪಿನ್ನಿನ ಹಿಂದೆ ಬಿಳಿ ಟೋಪಿ. ಒಬ್ಬನೇ ಹುಟ್ಟಿದ್ದರೆ ನನ್ನ ಕಥೆ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಪಕ್ಕೆಗೆ ಅಂಟಿಕೊಂಡೇ ಇನ್ನೊಬ್ಬ ಹುಟ್ಟಿದ. ಅವನ ಟೋಪಿ ಕೆಂಪು.

ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ ನಾವು ಹುಟ್ಟಿದ್ದು. ಒಂದೇ ಹಿತ್ತಾಳೆ ಸಲಾಕೆಯಿಂದ ನಮ್ಮ ಪಿನ್ನು ಕತ್ತರಿಸಿದರು. ಒಂದೇ ಸುತ್ತಿನ ತಾಮ್ರದ ಎಳೆ ನಮ್ಮ ಹೊಟ್ಟೆಗೆ ತುಂಬಿದರು. ಕನ್ನಡಕದ ಹೆಂಗಸೊಬ್ಬಳು ಒಂದೇ ಕಾವಿನಲ್ಲಿ ಇಬ್ಬರಿಗೂ ಬೆಸುಗೆ ಹಾಕಿದಳು. ಟೋಪಿ ತೊಡಿಸುವಾಗ ಮಾತ್ರ ಅವಳ ಕೈ ಮೊದಲು ಕೆಂಪಿನ ಡಬ್ಬಿಗೆ ಹೋಯಿತು. ಅಷ್ಟೇ ವ್ಯತ್ಯಾಸ. ಅಲ್ಲಿಂದ ಮುಂದೆ ಅವನು ಮೊದಲನೆಯವನು, ನಾನು ಇನ್ನೊಂದು. ಗದಗ-ಬೆಟಗೇರಿ ಎನ್ನುತ್ತಾರೆ. ಬೆಟಗೇರಿ-ಗದಗ ಎಂದು ಯಾರಾದರೂ ಅಂದಿದ್ದನ್ನು ಕೇಳಿದ್ದೀರಾ? ಜೋಡಿಯಲ್ಲಿ ಎರಡನೆಯದಾಗುವುದೆಂದರೆ ಹಾಗೆ.

ಆ ಬೆಟಗೇರಿಗೇ ನಮ್ಮನ್ನು ತಂದವನು ಮೈಕ್‌ಸೆಟ್ ಹುಸೇನಸಾಬ. ಮದುವೆ, ನಾಟಕ, ಉರುಸು, ಭಜನೆ, ಎಲ್ಲದಕ್ಕೂ ಅವನ ಮೈಕೇ. ಅವನ ಆಂಪ್ಲಿಫೈಯರಿಗೆ ಹಾಡು ಒಳಗೆ ಹೋಗಲು ಇದ್ದದ್ದು ಒಂದೇ ತೂತು. ಇಬ್ಬರಲ್ಲಿ ಒಬ್ಬನೇ ಸಾಕು. ಯಾರು ಅಂತ ಕೇಳಬೇಡಿ. ಹುಸೇನಸಾಬ ಕೆಂಪನ ಪಿನ್ನನ್ನು ತುಟಿಯ ಹತ್ತಿರ ಹಿಡಿದು ಉಫ್ ಎಂದು ಊದಿ, ಅಂಗಿಯ ತುದಿಗೆ ಒರೆಸಿ, ತೂತಿಗೆ ಹಚ್ಚುತ್ತಿದ್ದ. ನನ್ನ ತುದಿಗಳನ್ನು ಕಪ್ಪು ಅಂಟು ಟೇಪಿನಿಂದ ಸುತ್ತಿ ಬಿಟ್ಟಿದ್ದ. ಆರು ವರ್ಷ. ಸಾವಿರ ಮದುವೆಯ ಹಾಡು ಕೆಂಪನ ಹೊಟ್ಟೆಯೊಳಗಿಂದ ಹಾದುಹೋದವು. ಅವನ ಮೈ ಝುಮ್ಮೆನ್ನುವುದು ಪಕ್ಕದಲ್ಲಿದ್ದ ನನಗೆ ತಿಳಿಯುತ್ತಿತ್ತು. ಊಟದ ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿ, ಬಡಿಸದೆ ಮುಂದೆ ಹೋದರೆ ಹೇಗಿರುತ್ತದೆ? ಹಾಗಿತ್ತು ನನಗೆ.

ಒಂದು ದಿನ ಪೇಟಿ ರಿಪೇರಿಯ ಮೌನೇಶಪ್ಪ ಬಡಿಗೇರ ಮೈಕಿನ ಅಂಗಡಿಗೆ ಬಂದ. ಪೇಟಿ ಎಂದರೆ ಹಾರ್ಮೋನಿಯಂ. ಸುತ್ತಲಿನ ಹತ್ತು ಊರಿನ ಭಜನಾ ಮಂಡಳಿ, ನಾಟಕದವರು, ಸಂಗೀತದ ಮಾಸ್ತರರು ಪೇಟಿ ಕೆಟ್ಟರೆ ಅವನ ಹತ್ತಿರವೇ ತರುತ್ತಿದ್ದರು. ಆತ ಎಲ್ಲಿಂದಲೋ ಹಳೆಯ ಸ್ಟೀರಿಯೋ ಸೆಟ್ಟೊಂದನ್ನು ಮನೆಗೆ ತಂದಿದ್ದ.

"ಹುಸೇನಣ್ಣ, ಎರಡು ಪಿನ್ನಿನ ವೈರ್ ಐತೇನು?"

"ಐತಪಾ. ಕೆಂಪದು ಹುಲಿ. ಬಿಳೀದರ ಭರೋಸಾ ನಾ ಕೊಡೂದಿಲ್ಲ. ಅದನ್ನ ಒಂದಿನಾನೂ ಹಚ್ಚೇ ಇಲ್ಲ."

"ಹಚ್ಚಲಾರದ ಹೆಂಗ ಗೊತ್ತಾಗಬೇಕು?" ಎಂದ ಮೌನೇಶಪ್ಪ.

ನನ್ನ ಪರವಾಗಿ ಒಬ್ಬ ಮನುಷ್ಯ ಆಡಿದ ಮೊದಲ ಮಾತು ಅದು. ಅವತ್ತೇ ನಾನು ಅವನವನಾದೆ.

ಮನೆಯಲ್ಲಿ ಆತ ನನ್ನ ಕಪ್ಪು ಟೇಪು ಬಿಚ್ಚಿ, ಅಂಟು ಒರೆಸಿ, ಎರಡೂ ಕಡೆ ಹಚ್ಚಿದ. ಕೆಂಪ ಬಲಕ್ಕೆ, ನಾನು ಎಡಕ್ಕೆ. ಎದುರಿಗೆ ಬೆತ್ತದ ಕುರ್ಚಿ. ಆತ ಹಾಕಿದ ಕ್ಯಾಸೆಟ್ಟು ಊರಿನದೇ ಒಂದು ಸಂಗೀತದ ಬೈಠಕ್ಕಿನದು. ಅದರಲ್ಲಿ ಹಾಡುವವರು ಬಲಕ್ಕೆ ಕೂತಿದ್ದರು, ಪೇಟಿಯವನು ಎಡಕ್ಕೆ. ಅಂದರೆ ಗಾಯನ ಕೆಂಪನ ಪಾಲು, ಪೇಟಿ ನನ್ನ ಪಾಲು. ಮತ್ತು ಆ ಪೇಟಿ ಮೌನೇಶಪ್ಪನೇ ಸ್ವರ ಕೂಡಿಸಿಕೊಟ್ಟ ಪೇಟಿ.

ಅಂಗಡಿಯಿಂದ ಬಂದು, ಕೈಕಾಲು ತೊಳೆದು, ಚಹಾ ಹಿಡಿದು ಆತ ದಿನವೂ ಆ ಕುರ್ಚಿಯಲ್ಲಿ ಕೂರುತ್ತಿದ್ದ. ಐದು ನಿಮಿಷಕ್ಕೆ ಅವನ ತಲೆ ತಾನಾಗಿಯೇ ಎಡಕ್ಕೆ ವಾಲುತ್ತಿತ್ತು. ಅಂಗಡಿಯಲ್ಲೂ ಸ್ವರ ಕೂಡಿಸುವಾಗ ಎಡಗಿವಿಯನ್ನೇ ಪೇಟಿಗೆ ಹಚ್ಚುವುದು ಅವನ ರೂಢಿಯಂತೆ. ಆ ತಲೆ ವಾಲಿದಾಗ ನಾನು ಕೆಂಪನಿಗೆ ಹೇಳುತ್ತಿದ್ದೆ: ನೋಡಿಕೋ, ನಿನಗೆ ಸಾವಿರ ಮದುವೆ ಸಿಕ್ಕಿರಬಹುದು, ನನಗೆ ಒಂದು ಕಿವಿ ಸಿಕ್ಕಿದೆ.

ಇಷ್ಟಕ್ಕೇ ತೃಪ್ತಿಯಾಗಬೇಕಿತ್ತು. ಆಗಲಿಲ್ಲ. ನನ್ನ ಜಾತಿಯೇ ಹಾಗೆ.

ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಖಂಡೇಪೂಜೆ ಬರುತ್ತಿತ್ತು. ದುಡಿಯುವ ಹತ್ಯಾರಗಳಿಗೆಲ್ಲ ಅಂದು ಪೂಜೆ. ಮೌನೇಶಪ್ಪನ ಹೆಂಡತಿ ಸರಸವ್ವ ಕುಂಕುಮ ಕಲಸಿದ ಬಟ್ಟಲು ಹಿಡಿದು ಮನೆ ತುಂಬ ಓಡಾಡುತ್ತಿದ್ದಳು. ಉಳಿಗೆ ಹಚ್ಚಿದಳು, ಸುತ್ತಿಗೆಗೆ ಹಚ್ಚಿದಳು, ಹೊಲಿಗೆ ಮಷಿನ್ನಿಗೆ, ಸೈಕಲ್ಲಿಗೆ, ಮಿಕ್ಸರಿಗೆ ಹಚ್ಚಿದಳು. ಸ್ಟೀರಿಯೋ ಹತ್ತಿರ ಬಂದು ಟೇಪಿನ ಹಣೆಗೆ, ಆಂಪ್ಲಿಫೈಯರಿಗೆ, ಎರಡೂ ಸ್ಪೀಕರ್ ಪೆಟ್ಟಿಗೆಗೆ ಹಚ್ಚಿ ಚೆಂಡುಹೂವು ಇಟ್ಟಳು. ಪೆಟ್ಟಿಗೆಗಳು ಮದುಮಕ್ಕಳ ಹಾಗೆ ಬೀಗುತ್ತ ನಿಂತವು. ಹಿಂದೆ ಧೂಳಿನಲ್ಲಿ ಬಿದ್ದಿದ್ದ ನಮ್ಮನ್ನು ಯಾರೂ ನೋಡಲಿಲ್ಲ. ನಾನು ಒಂದು ದಿನ ಕೈಬಿಟ್ಟರೆ ಆ ಮದುಮಗನ ಬಾಯಿ ಬಂದ್. ಆದರೂ ಹೂವು ಅವನಿಗೆ. ಏಳು ಖಂಡೇಪೂಜೆ ಹೀಗೇ ಕಳೆದವು. ಏಳು ಸಲವೂ ನಾನು ಒಳಗೇ ಸುಟ್ಟುಕೊಂಡೆ.

ಎಂಟನೆಯ ವರ್ಷ ಸರಸವ್ವ ಗೋಡೆಯ ಜೇಡರ ಬಲೆ ಹೊಡೆಯಲು ಸೆಟ್ಟನ್ನು ಮುಂದಕ್ಕೆ ಎಳೆದಳು. ಎಳೆದ ರಭಸಕ್ಕೆ ಆಂಪ್ಲಿಫೈಯರಿನ ಕಡೆಯ ನಮ್ಮ ಪಿನ್ನುಗಳು ಕಿತ್ತು ಹೊರಬಂದವು. ಅವಳು ನಮ್ಮಿಬ್ಬರನ್ನೂ ಅಂಗೈಯಲ್ಲಿ ಹಿಡಿದು ನೋಡಿದಳು.

"ಕೆಂಪದು ಕುಂಕುಮ ಹಚ್ಚಿಕೊಂಡೇ ಹುಟ್ಟೇತಿ," ಎಂದು ತನ್ನಷ್ಟಕ್ಕೆ ಅಂದಳು. "ಈ ಬಿಳೀದು ಪಾಪ, ಬೋಳು ಹಣೀಲೆ ಕುಂತೈತಿ."

ಉಂಗುರದ ಬೆರಳಿನಿಂದ ನನ್ನ ಪಿನ್ನಿನ ಬುಡಕ್ಕೊಂದು, ತುದಿಗೊಂದು ಹಸಿ ಕುಂಕುಮದ ಬೊಟ್ಟು ಇಟ್ಟಳು. ಬೆರಳಲ್ಲಿ ಉಳಿದದ್ದನ್ನೂ ನನಗೇ ಒರೆಸಿದಳು. ಕೆಂಪನಿಗೆ ಏನೂ ಇಲ್ಲ. ಆಮೇಲೆ ಬಣ್ಣಕ್ಕೆ ಬಣ್ಣ ನೋಡಿ ಇಬ್ಬರನ್ನೂ ತೂತಿಗೆ ಒತ್ತಿದಳು. ಅವತ್ತಿನ ನನ್ನ ಸೊಕ್ಕು ಏನು ಹೇಳಲಿ. ಕೆಂಪನ ಕಡೆ ತಿರುಗಿಯೂ ನೋಡಲಿಲ್ಲ.

ಹಿತ್ತಾಳೆಗೂ ಹಸಿಗೂ ಆಗಿಬರುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಕುಂಕುಮದೊಳಗಿನ ಅರಿಸಿನ, ಸುಣ್ಣ, ನೀರು, ಎಲ್ಲ ನನ್ನ ಮೈ ಮತ್ತು ತೂತಿನ ಗೋಡೆಯ ನಡುವೆ ಸಿಕ್ಕಿ ಒಣಗಿದವು. ಸಂಕ್ರಾಂತಿಯ ಹೊತ್ತಿಗೆ ಬೊಟ್ಟಿನ ಸುತ್ತ ಹಸಿರು ಕಿಲುಬು ಎದ್ದಿತು. ಕಿಲುಬು ಬೆಳೆದಂತೆ ಹಾಡು ನನ್ನೊಳಗೆ ಬಂದು ಬಾಗಿಲಲ್ಲೇ ನಿಲ್ಲತೊಡಗಿತು. ಮೊದಲು ಪೇಟಿಯ ತೆಳು ಸ್ವರ ಹೋಯಿತು. ಆಮೇಲೆ ನಡುವಿನದು. ಯುಗಾದಿ ಕಳೆದ ಮೇಲೆ ಎಡದ ಪೆಟ್ಟಿಗೆಯಿಂದ ನೊಣ ಹಾರಿದಷ್ಟು ಸದ್ದು.

ಮೌನೇಶಪ್ಪ ಒಂದು ಸಂಜೆ ಚಹಾ ಕೆಳಗಿಟ್ಟು ಎಡಗಿವಿಗೆ ಬೆರಳು ಹಾಕಿ ತಿರುವಿದ. ಮರುದಿನ ಎಣ್ಣೆ ಬಿಟ್ಟುಕೊಂಡ. ಅದರ ಮರುದಿನ ಹೆಂಡತಿಯನ್ನು ಕರೆದ.

"ಸರಸೂ, ಪೇಟಿ ಕೇಳತೈತೇನು ನಿನಗ?"

ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಹಾಡು ಕೇಳತೈತಲ್ರೀ, ಇನ್ನೇನು ಬೇಕು," ಎಂದಳು.

ಆತ ಮತ್ತೆ ಕೇಳಲಿಲ್ಲ. ತನ್ನ ಎಡಗಿವಿ ಹೋಯಿತೆಂದು ನಿಶ್ಚಯ ಮಾಡಿಕೊಂಡ. ಕೆಟ್ಟದ್ದು ನಾನು, ಶಿಕ್ಷೆ ಅವನ ಕಿವಿಗೆ. ಕೂಗಿ ಹೇಳೋಣವೆಂದರೆ ನನ್ನ ಬಾಯಿಗೇ ಕಿಲುಬು.

ಅಂಗಡಿಯಲ್ಲಿ ಆತ ಎಡಗಿವಿಯನ್ನು ನಂಬುವುದು ಬಿಟ್ಟ. ರೂಢಿಯಿಲ್ಲದ ಬಲಗಿವಿಯಿಂದ ಸ್ವರ ಕೂಡಿಸಿದ. ಭಜನಾ ಮಂಡಳಿಯವರು ಒಂದು ಪೇಟಿಯನ್ನು ಮನೆಗೇ ಹೊತ್ತು ತಂದು, "ಮೌನೇಶಣ್ಣ, ಮಧ್ಯಮ ಸ್ವರ ಯಾಕೋ ಅಳತೈತಿ ನೋಡ್ರಿ" ಎಂದು ಇಳಿಸಿ ಹೋದರು. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಹೋದ ಪೇಟಿ ತಿರುಗಿ ಬಂದಿರಲಿಲ್ಲ.

"ಡಾಕ್ಟರಿಗೆ ತೋರಸೂಣು ನಡೀರಿ," ಎಂದಳು ಸರಸವ್ವ.

"ಬ್ಯಾಡ. ಅಂವ ಹೂಂ ಅಂದಬಿಟ್ಟರ ಖಾಯಂ ಆಕ್ಕೈತಿ."

ಸಂಜೆ ಅವನು ಕುರ್ಚಿಯಲ್ಲಿ ಕೂರುವುದು ತಪ್ಪಲಿಲ್ಲ. ಆದರೆ ಅವನ ತಲೆ ಈಗ ಬಲಕ್ಕೆ ವಾಲುತ್ತಿತ್ತು. ಇದನ್ನು ಹೇಗೆ ಹೇಳಲಿ. ನನ್ನ ಕಡೆಗಿದ್ದ ಒಂದೇ ಒಂದು ತಲೆ, ಅದೂ ಕೆಂಪನ ಕಡೆ ಹೋಯಿತು. ಅವನಿಗೆ ಹಾಡೂ ಸಿಕ್ಕಿತು, ಕಿವಿಯೂ ಸಿಕ್ಕಿತು. ಒಂದು ಸ್ವರವನ್ನಾದರೂ ದಾಟಿಸಬೇಕೆಂದು ಮೈಯೆಲ್ಲ ತಾಮ್ರ ಮಾಡಿಕೊಂಡು ತಳ್ಳಿದೆ. ಕಿಲುಬು ಅಲುಗಲಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಮೌನೇಶಪ್ಪ ಹೆಂಡತಿಗೆ ಹೇಳಿದ: "ಈ ಸಲ ಖಂಡೇಪೂಜಿ ಮಾಡಿ ಹತ್ಯಾರ ಎಲ್ಲಾ ಹುಬ್ಬಳ್ಳ್ಯಾಗಿನ ಪೇಟಿಯವರಿಗೆ ಕೊಟ್ಟಬಿಡತೀನಿ. ಮಾತಾಡೇನಿ."

ಸರಸವ್ವ ಸೆರಗಿನಿಂದ ಮುಖ ಒರೆಸಿಕೊಂಡು ಸುಣ್ಣದ ಬಕೀಟು ಎತ್ತಿಕೊಂಡಳು. ಪೂಜೆಗೆ ಎಂಟು ದಿನವಿತ್ತು. ಗೋಡೆಗೆ ಸುಣ್ಣ ಬಳಿಯಬೇಕಿತ್ತು. ಸ್ಟೀರಿಯೋ ಮೇಲೆ ಹಳೆಯ ಸೀರೆ ಹೊದಿಸಿ, ಬೆತ್ತದ ಕುರ್ಚಿಯನ್ನು ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ ಇಟ್ಟಳು. ಸಂಜೆ ಸೀರೆ ತೆಗೆದಳು. ಕುರ್ಚಿ ಹಾಗೇ ಉಳಿಯಿತು.

ಮೌನೇಶಪ್ಪ ಬಂದು ಕ್ಯಾಸೆಟ್ಟು ಹಾಕಿ ಅದೇ ಕುರ್ಚಿಯಲ್ಲಿ, ಸೆಟ್ಟಿಗೆ ಬೆನ್ನು ಮಾಡಿ ಕೂತ. ಸ್ವಲ್ಪ ಹೊತ್ತಿಗೆ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಸರಸೂ, ಬಲಗಿವೀನೂ ಹೋತ."

ಅವಳು ಓಡಿ ಬಂದಳು. "ಏನಂದ್ರಿ? ಹಂಗಾದ್ರ ಹಾಡು ಕೇಳವಲ್ದೇನು?"

"ಹಾಡು ಕೇಳತೈತಿ."

"ಯಾವ ಕಿವೀಲೆ?"

ಆತ ಕಿವಿ ಮುಟ್ಟಿ ನೋಡಿಕೊಂಡ. "ಎಡಗಿವೀಲೆ."

"ಎಡಗಿವಿ ಹೋಗೇತಿ ಅಂತಿದ್ರಿ."

"ಅದು ಬಂದೈತಿ. ಬಲದು ಹೋಗೇತಿ."

ಸರಸವ್ವ ಸುಣ್ಣದ ಕೈಯನ್ನು ಸೊಂಟದ ಮೇಲಿಟ್ಟು ಗಂಡನನ್ನು ನೋಡಿದಳು, ಕುರ್ಚಿಯನ್ನು ನೋಡಿದಳು. "ನಿಮ್ಮ ಕಿವಿ ಏನು ಬಾಡಗಿ ಮನ್ಯಾಗ ಅದಾವೇನ್ರೀ, ಮುಂಜಾನೆ ಒಂದು ಕಡೆ ಸಂಜೀಕ ಒಂದು ಕಡೆ ಇರಾಕ? ಏಳ್ರಿ ಮ್ಯಾಲೆ."

ಕುರ್ಚಿಯನ್ನು ಮತ್ತೆ ಸೆಟ್ಟಿನ ಕಡೆ ತಿರುಗಿಸಿ ಗಂಡನನ್ನು ಕೂರಿಸಿದಳು. ಹೋಗಿದ್ದ ಬಲಗಿವಿ ತಿರುಗಿ ಬಂತು. ಬಂದಿದ್ದ ಎಡಗಿವಿ ಮತ್ತೆ ಹೋಯಿತು. ಮೌನೇಶಪ್ಪ ಎದ್ದು ನಿಂತ. "ಕೆಟ್ಟದ್ದು ಕಿವಿ ಅಲ್ಲ, ಸೆಟ್ಟು," ಎಂದ. ಕರೆಂಟಿನ ಸ್ವಿಚ್ಚು ತೆಗೆದು, ಸೆಟ್ಟಿನ ಹಿಂದೆ ಬಗ್ಗಿ, ಮೊದಲು ಕೆಂಪನನ್ನು ಎಳೆದ. ಫಳಫಳ. ಆಮೇಲೆ ನನ್ನನ್ನು ಹಿಡಿದು ಎಳೆದ. ಬರಲಿಲ್ಲ. ತಿರುವಿ ಎಳೆದ. ಹಸಿರು ಹಿಟ್ಟು ಉದುರಿಸಿಕೊಂಡು ನಾನು ಬೆಳಕಿಗೆ ಬಂದೆ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ, ಅದೂ ಕೆಂಪನ ಎದುರಿಗೆ.

"ಇದೇನಿದು, ಕಿಲುಬಿನ ಒಳಗ ಕೆಂಪಗ?"

ಸರಸವ್ವ ಬಗ್ಗಿ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ, ಅದು ನಾ ಹಚ್ಚಿದ ಕುಂಕುಮರೀ. ಹೋದ ಖಂಡೇಪೂಜ್ಯಾಗ."

ಆತ ನನ್ನನ್ನು ಬಿಟ್ಟು, ಸೆಟ್ಟಿಗೆ ಬೆನ್ನು ಮಾಡಿ ಅಲ್ಲೇ ನೆಲದ ಮೇಲೆ ಕೂತ. ನಕ್ಕನೋ ಅತ್ತನೋ ಬೆನ್ನ ಹಿಂದಿದ್ದ ನನಗೆ ಕಾಣಲಿಲ್ಲ, ಹೆಗಲು ಮಾತ್ರ ಕುಲುಕುತ್ತಿತ್ತು.

"ಆರು ತಿಂಗಳು, ಸರಸೂ," ಎಂದ. "ಆರು ತಿಂಗಳು ನಾ ಕಿವುಡ ಆಗಿದ್ದೆ."

ಆಮೇಲೆ ಅವನು ಮಾಡಿದ್ದು ಪೇಟಿಯವನು ಮಾತ್ರ ಮಾಡುವ ಕೆಲಸ. ಪೇಟಿಯೊಳಗೂ ಸ್ವರ ನುಡಿಸುವುದು ಹಿತ್ತಾಳೆಯ ನಾಲಿಗೆಯೇ. ಅದಕ್ಕೆ ಕಿಲುಬು ಹತ್ತಿದರೆ ಹೇಗೆ ತೆಗೆಯಬೇಕು, ಎಷ್ಟು ಒತ್ತಿದರೆ ಹಿತ್ತಾಳೆಗೆ ನೋವಾಗುತ್ತದೆ ಎಂದು ಅವನ ಬೆರಳಿಗೆ ಗೊತ್ತು. ಕೂದಲಿನ ಬ್ರಷ್ಷಿನಿಂದ ಹುಡಿ ಕೊಡವಿದ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ನನ್ನ ಸುತ್ತ ಮೆಲ್ಲಗೆ ಉಜ್ಜಿದ. ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದ. ಕಡ್ಡಿಗೆ ಅದೇ ಬಟ್ಟೆ ಸುತ್ತಿ ತೂತಿನ ಒಳಗೋಡೆ ತೊಳೆದ. ಪೂರ್ತಿ ಆರಲು ಬಿಟ್ಟ. ಸ್ಪೀಕರಿನ ವೈರುಗಳ ಕಪ್ಪಾದ ತುದಿ ಕತ್ತರಿಸಿ ಹೊಸ ತಾಮ್ರ ಬಿಡಿಸಿ ಬಿಗಿಯಾಗಿ ತಿರುವಿದ. ಕೆಂಪನನ್ನೂ ಒರೆಸಿದ. ಏನೂ ಕಷ್ಟ ಕಾಣದ ಅವನಿಗೂ ಅದೇ ಅಭ್ಯಂಜನ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮತ್ತೆ ಹಚ್ಚಿದ. ಸ್ವಿಚ್ಚು ಹಾಕಿದ. ಎಡಕ್ಕೆ ಪೇಟಿ ಬಂತು. ಹಿಂದೆಂದೂ ಬರದಷ್ಟು ಬಂತು. ಸ್ವರ ಎಳೆಯುವ ಮೊದಲು ಪೇಟಿ ಉಸಿರು ತೆಗೆದುಕೊಳ್ಳುವುದು, ಬೆರಳಿನ ಉಗುರು ಪೇಟಿಯ ಬಿಳಿ-ಕರಿ ಮನೆಗಳಿಗೆ ತಾಗುವುದು, ಎಲ್ಲ. ಮೌನೇಶಪ್ಪನ ತಲೆ ಎಡಕ್ಕೆ ವಾಲಿತು. ಅರ್ಧ ಕ್ಯಾಸೆಟ್ಟಿಗೇ ಎದ್ದು, ಭಜನಾ ಮಂಡಳಿಯ ಪೇಟಿ ಬಿಚ್ಚಿ, ಮಧ್ಯಮಕ್ಕೆ ಎಡಗಿವಿ ಹಚ್ಚಿದ.

ಖಂಡೇಪೂಜೆಯ ದಿನ ಹತ್ಯಾರಗಳು ಮನೆಯಲ್ಲೇ ಇದ್ದವು. ಸರಸವ್ವ ಬಟ್ಟಲು ಹಿಡಿದು ಬಂದಳು. "ಆ ಬಿಳೀದಕ್ಕ ಬ್ಯಾಡ," ಎಂದ ಮೌನೇಶಪ್ಪ. "ಅದಕ್ಕ ಒಣ ಬಟ್ಟೀನ ಪೂಜಿ." ಅಂದಿನಿಂದ ಪ್ರತಿ ವರ್ಷ ಒಂದು ಬಿಳಿ ಪಂಚೆಯ ತುಂಡು ನಮ್ಮ ಪೂಜೆಗೆಂದೇ ಗೂಟಕ್ಕೆ ತೂಗುತ್ತಿತ್ತು.

ಈಗ ನಾನು ಆ ಮನೆಯಲ್ಲಿ ಇಲ್ಲ. ಮೌನೇಶಪ್ಪನ ಅಳಿಯ ಬಂಗಾರದ ಬಣ್ಣದ ಪಿನ್ನಿನ ದಪ್ಪ ವೈರೊಂದನ್ನು ಉಡುಗೊರೆ ತಂದ. ಬೇಡ ಎನ್ನಲು ಆಗುತ್ತದೆಯೇ, ಅಳಿಯನಲ್ಲವೇ. ಆ ಪಂಚೆಯ ತುಂಡಿನಿಂದ ಈಗ ಅದನ್ನು ಒರೆಸುತ್ತಾರಂತೆ. ಒರೆಸಲಿ. ಆ ಬಟ್ಟೆ ನನ್ನದು ಎಂಬುದು ಬಂಗಾರಕ್ಕೆ ತಿಳಿದಿರಲಿ.

ನಮ್ಮಿಬ್ಬರನ್ನು ಮೌನೇಶಪ್ಪ ಅಂಗಡಿಗೆ ತಂದು, ಕೆಲಸಕ್ಕೆ ಕೂರುವ ಜಾಗದ ಮೇಲೆ ಮೊಳೆಗೆ ತೂಗಿಹಾಕಿದ್ದಾನೆ. ನನ್ನ ಟೋಪಿ ಹಳದಿಯಾಗಿದೆ. ಬಂದವರಿಗೆಲ್ಲ ಆತ ಈ ಕಥೆ ಹೇಳುತ್ತಾನೆ. ಅದರಲ್ಲೂ ಹೊಗಳಿಕೆಯೆಲ್ಲ ಕುರ್ಚಿಗೇ. ಕುರ್ಚಿ ತಿರುಗದಿದ್ದರೆ ಅವನು ಹಾಳಾಗುತ್ತಿದ್ದನಂತೆ. ಆ ಮುದಿ ಬೆತ್ತದ ಕುರ್ಚಿಯ ಮೇಲೂ ನನಗೆ ಹೊಟ್ಟೆಕಿಚ್ಚು ಬಂದಿದ್ದು ನಿಜ.

ಮೊನ್ನೆ ನಾಟಕದವನೊಬ್ಬ ಪೇಟಿ ಇಳಿಸಿ ಮೇಲೆ ನೋಡಿದ.

"ಇದೇನ್ರೀ ಮೌನೇಶಣ್ಣ, ಹಳೇ ವೈರ್ ತೂಗ ಹಾಕೀರಿ?"

ಮೌನೇಶಪ್ಪ ಎಡಗಿವಿಯನ್ನು ಪೇಟಿಯಿಂದ ಎತ್ತಲಿಲ್ಲ. "ಆ ಬಿಳೀದು ನನ್ನ ಎಡಗಿವಿ," ಎಂದ.

"ಮತ್ತ ಕೆಂಪದು?"

"ಅದು ವೈರು."

ಕೆಂಪ ನನ್ನ ಪಕ್ಕದಲ್ಲೇ ತೂಗುತ್ತಿದ್ದ. ಏನೂ ಅನ್ನಲಿಲ್ಲ. ಆ ಸುಮ್ಮನಿರುವಿಕೆ ಎಂಥದ್ದೆಂದು ನನಗೆ ಗೊತ್ತು. ಕಪ್ಪು ಟೇಪು ಸುತ್ತಿಸಿಕೊಂಡು ಆರು ವರ್ಷ ನಾನೂ ಹಾಗೇ ಸುಮ್ಮನಿದ್ದೆ.